ಯಲ್ಲಪ್ಪ ಜರ್ಮನಿಗೆ ಹೋದ ವರ್ಷ

ಆಗೆಲ್ಲ ದುಬೈಯಲ್ಲಿ ವಾರದ ರಜೆ ಎಂದರೆ ಶುಕ್ರವಾರ. ಈಗ ರಜೆ ಶನಿವಾರ, ಭಾನುವಾರಕ್ಕೆ ಸರಿದಿದೆ. ಆ ಸುದ್ದಿ ಕೇಳಿದ ದಿನ, ನನ್ನ ಬಾಲ್ಯದ ಒಂದು ಕೋಣೆಯನ್ನು ಯಾರೋ ನನ್ನನ್ನು ಕೇಳದೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟ ಹಾಗೆ ಅನ್ನಿಸಿತ್ತು.

ಊದ್ ಮೇಥಾದಲ್ಲಿ ನಮ್ಮದು ಹಳೆಯ ಕಟ್ಟಡ, ಮೂರನೇ ಮಹಡಿ. ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಲಿಫ್ಟಿನ ಬಾಗಿಲು ತೆರೆದರೆ ಸಾಕು, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿಗೇ ಗೊತ್ತಾಗುತ್ತಿತ್ತು. ನಮ್ಮ ಮನೆಯಿಂದ ಡ್ಯಾಡಿ ಮಾಡುವ ಕೋಳಿ ಸುಕ್ಕದ ಹುರಿದ ತೆಂಗಿನಕಾಯಿ, ಎದುರು ಮನೆಯಿಂದ ಮೈಮೂನಾ ಆಂಟಿಯ ತುಪ್ಪದನ್ನ, ತುದಿಯ ಸಿಂಧಿಯವರ ಮನೆಯಿಂದ ಊದುಬತ್ತಿ. ಲಿಫ್ಟಿನೊಳಗೆ ಮಾತ್ರ ಯಾವಾಗಲೂ ಯಾರೋ ಹಚ್ಚಿಕೊಂಡು ಹೋದ ಅತ್ತರು. ಮಧ್ಯಾಹ್ನ ದೊಡ್ಡವರೆಲ್ಲ ಎಸಿ ಹಾಕಿಕೊಂಡು ಮಲಗಿದರೆ ಆ ಉದ್ದ ಕಾರಿಡಾರು ನನ್ನದು ಮತ್ತು ಸಫ್ವಾನಾಳದು. ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಬಿಲ್ಲೆಗೆ ತೆಂಗಿನ ಚಿಪ್ಪು ಎಲ್ಲಿಂದ ತರುವುದು? ಟೂನಾ ಡಬ್ಬಿಯ ಮುಚ್ಚಳವೇ ಬಿಲ್ಲೆ. ಅದು ಟೈಲ್ಸಿನ ಮೇಲೆ ಕಿರ್ರನೆ ಜಾರುವ ಸದ್ದಿಗೆ ಯಾರಾದರೂ ಒಳಗಿನಿಂದ "ಖಲಾಸ್! ಸಾಕು ಮಾಡಿ ಮಕ್ಕಳೇ" ಎಂದು ಕೂಗುವವರೆಗೆ ಆಟ.

ಸಫ್ವಾನಾ ಮೈಮೂನಾ ಆಂಟಿಯ ಒಬ್ಬಳೇ ಮಗಳು. ನನಗಿಂತ ಕೆಲವೇ ತಿಂಗಳು ದೊಡ್ಡವಳು, ಆದರೆ ಅದನ್ನು ದಿನಕ್ಕೊಮ್ಮೆ ನೆನಪಿಸದೆ ಬಿಡುತ್ತಿರಲಿಲ್ಲ. ಅವರ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ. ಶಾಲೆಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಹಿಂದಿ. ಎರಡು ಮನೆಗಳು ಸೇರಿದಾಗ ಮಾತ್ರ ನಮ್ಮ ಮಂಗಳೂರಿನ ಕನ್ನಡ. ಆ ಕನ್ನಡವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಮೈಮೂನಾ ಆಂಟಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು. ಅಕ್ಷರ ಬಂದದ್ದು ಆಮೇಲೆ, ಡ್ಯಾಡಿ ಊರಿನಿಂದ ತರಿಸುತ್ತಿದ್ದ ವಾರಪತ್ರಿಕೆಗಳಿಂದ.

ಮಮ್ಮಿ ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನನಗೆ ಹತ್ತು ವರ್ಷವಾದಾಗ ಆಸ್ಪತ್ರೆ ಕೈ ಬದಲಾಯಿತು. ಹೊಸಬರು ಹಳಬರಲ್ಲಿ ಅನೇಕರ ಒಪ್ಪಂದವನ್ನು ಮುಂದುವರಿಸಲಿಲ್ಲ. ಮಮ್ಮಿಯ ಜೊತೆಯವರು ಕೆಲವರು ಊರಿಗೆ ಹೋದರು, ಕೆಲವರು ಜರ್ಮನಿಗೆ. ಮಮ್ಮಿ ಜರ್ಮನಿಗೆಂದು ಹೊರಟವರ ಸಾಲಿಗೆ ಸೇರಿದರು.

ಅದಕ್ಕಾಗಿ ಜರ್ಮನ್ ಕಲಿಯಬೇಕಿತ್ತು. ಫ್ರಿಜ್ಜಿಗೆ, ಕನ್ನಡಿಗೆ, ಅಕ್ಕಿ ಡಬ್ಬಕ್ಕೆ, ಎಲ್ಲದಕ್ಕೂ ಹಳದಿ ಚೀಟಿ ಅಂಟಿತು. ಮಮ್ಮಿ ದೋಸೆ ಹೊಯ್ಯುತ್ತಾ ಪಾಠ ಒಪ್ಪಿಸುತ್ತಿದ್ದರು. ಆ ಭಾಷೆಯಲ್ಲಿ ಸೂರ್ಯ ಹೆಂಗಸು, ಚಂದ್ರ ಗಂಡಸು ಎಂದು ಕೇಳಿ ಸಫ್ವಾನಾ ಬಿದ್ದು ಬಿದ್ದು ನಕ್ಕಳು.

"ಹಾಗಾದ್ರೆ ಹುಡುಗಿ ಎಂತ ಆಂಟಿ?" ಎಂದು ಕೇಳಿದಳು.

"ಹುಡುಗಿ ಹೆಂಗಸೂ ಅಲ್ಲ, ಗಂಡಸೂ ಅಲ್ಲ. ಅದು ಅಂತ ಹೇಳ್ಬೇಕಂತೆ," ಎಂದು ಮಮ್ಮಿ ಸೌಟು ಹಿಡಿದೇ ಯೋಚಿಸಿದರು. "ನಮ್ಮ ಕೊಂಕಣಿಯಲ್ಲೂ ಹಾಗೇ ಅಲ್ವಾ? ಚೆಡುಂ ಬಂತು, ಚೆಡುಂ ಹೋಯ್ತು. ಛೇ, ಇದೊಂದು ನಂಗೆ ಸುಲಭದಲ್ಲಿ ಸಿಕ್ಕಿತು ನೋಡು."

ಮಮ್ಮಿ ಅಷ್ಟು ಸಂತೋಷಪಟ್ಟದ್ದನ್ನು ಆ ಬೇಸಿಗೆಯಲ್ಲಿ ನಾನು ಕಂಡದ್ದು ಅದೇ.

ಯಲ್ಲಪ್ಪ ನಮ್ಮ ಮನೆಗೆ ಬಂದದ್ದೂ ಆ ಬೇಸಿಗೆಯಲ್ಲೇ. ಒಂದು ಸಂಜೆ ಡ್ಯಾಡಿ ನಮ್ಮಿಬ್ಬರನ್ನು ಬರ್ ದುಬೈಗೆ ಕರೆದುಕೊಂಡು ಹೋಗಿ, ಅಬ್ರಾ ದೋಣಿಯಲ್ಲಿ ಕಾಲುವೆ ದಾಟಿಸಿ, ಮತ್ತೆ ದಾಟಿಸಿ ಕರೆತಂದರು. ದೋಣಿ ಕಟ್ಟೆಯ ಹತ್ತಿರ ಪ್ರವಾಸಿಗಳಿಗೆಂದು ಸಾಮಾನು ಮಾರುವ ಅಂಗಡಿಗಳ ಸಾಲಿತ್ತು. ಅದರಲ್ಲೊಂದು ಬಟ್ಟೆಯ ಒಂಟೆ. ಕಂದು ಬಣ್ಣ, ಬೆನ್ನಿಗೆ ಕೆಂಪು ಕುಚ್ಚಿನ ಜೀನು, ಯಾವಾಗಲೂ ಏನೋ ಮರೆತವರ ಹಾಗಿನ ಮುಖ. ಹೊಟ್ಟೆ ಅದುಮಿದರೆ ಅರಬ್ಬಿಯಲ್ಲಿ ಹಾಡುತ್ತಿತ್ತು. ಹಾಡಿನಲ್ಲಿ ನಮಗೆ ಅರ್ಥವಾಗುತ್ತಿದ್ದದ್ದು ಒಂದೇ ಪದ. ಅಲ್ಲಿ ಬಸ್ಸಿನವನಿಂದ ಹಿಡಿದು ತರಕಾರಿಯವನವರೆಗೆ ಎಲ್ಲರೂ "ನಡಿ, ಬೇಗ" ಎನ್ನಲು ಹೇಳುವ "ಯಲ್ಲಾ".

"ಯಲ್ಲಾ ಯಲ್ಲಾ ಅಂತ ಬೊಬ್ಬೆ ಹಾಕ್ತಾನಲ್ಲ, ಇವನು ನಮ್ಮ ಹುಬ್ಬಳ್ಳಿ ಕಡೆಯವನೇ. ಯಲ್ಲಪ್ಪ!" ಎಂದರು ಡ್ಯಾಡಿ.

ಹೆಸರು ಅಲ್ಲೇ ಅಂಟಿತು. ಒಂಟೆ ಇಬ್ಬರಿಗೂ ಸೇರಿದ್ದು ಎಂದು ತೀರ್ಮಾನವಾಯಿತು. ಒಂದು ವಾರ ನಮ್ಮ ಮನೆ, ಒಂದು ವಾರ ಅವರ ಮನೆ. ಅವರ ಮನೆಯಲ್ಲಿದ್ದ ವಾರ ಮೈಮೂನಾ ಆಂಟಿ ಅವನ ಸಡಿಲವಾದ ಕಿವಿಯನ್ನು ಹೊಲಿದರು. ನಮ್ಮ ಮನೆಯಲ್ಲಿದ್ದ ವಾರ ಅವನು ಮಮ್ಮಿಯ ಎದುರು ಕುಳಿತು ಜರ್ಮನ್ ಕಲಿತ.

ಸೆಪ್ಟೆಂಬರಿನಲ್ಲಿ ಮಮ್ಮಿಯ ವೀಸಾ ಬಂತು. ಮೊದಲ ವರ್ಷ ಒಬ್ಬರೇ ಇರಬೇಕಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಒಂದು ಪರೀಕ್ಷೆ ಪಾಸು ಮಾಡಿದರೆ ಮಾತ್ರ ನರ್ಸ್ ಎಂದು ಒಪ್ಪುತ್ತಾರಂತೆ. ನನಗೆ ಹೇಳಿದ್ದು ಅಷ್ಟೇ. ಪಾಸಾದ ಮೇಲೆ ಏನು ಎಂದು ನಾನು ಕೇಳಲಿಲ್ಲ. ವರ್ಷ ಕಳೆದರೆ ಮಮ್ಮಿ ಮನೆಗೆ ಬರುತ್ತಾರೆ ಎಂದೇ ನನ್ನ ಲೆಕ್ಕ.

ಪೆಟ್ಟಿಗೆ ಕಟ್ಟುವ ದಿನ ನಾನೂ ಸಫ್ವಾನಾಳೂ ಯಲ್ಲಪ್ಪನನ್ನು ತಂದು ಮಮ್ಮಿಯ ಸ್ವೆಟರುಗಳ ಮೇಲೆ ಮಲಗಿಸಿದೆವು. "ಇವನು ನಿಮ್ಮೊಟ್ಟಿಗೆ ಬರ್ಲಿ ಆಂಟಿ. ಅಲ್ಲಿ ಎಲ್ಲ ನೋಡಿ ನಮಗೆ ಹೇಳ್ತಾನೆ," ಎಂದಳು ಸಫ್ವಾನಾ. ಪೆಟ್ಟಿಗೆ ಆಗಲೇ ತೂಕ ಮೀರಿತ್ತು. ಮಮ್ಮಿ ಕುಚ್ಚಲಕ್ಕಿಯ ಚೀಲವನ್ನು ಹೊರಗೆ ತೆಗೆದಿಟ್ಟರು. ಮೈಮೂನಾ ಆಂಟಿ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದರು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಯಂತ್ರದೊಳಗೆ ಕಳಿಸಿದಾಗ ಯಾವುದೋ ಚೀಲ ಒತ್ತಿ ಯಲ್ಲಪ್ಪ ಒಳಗಿನಿಂದಲೇ ಹಾಡತೊಡಗಿದನಂತೆ. ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಅಧಿಕಾರಿ ಗಂಭೀರವಾಗಿ ಅವನನ್ನು ಹೊರತೆಗೆದು, ಪೂರ್ತಿ ಹಾಡು ಕೇಳಿ, ತಲೆ ಸವರಿ, "ಯಲ್ಲಾ, ಗೋ" ಎಂದನಂತೆ. ಇದು ಮಮ್ಮಿ ಕಳಿಸಿದ ಮೊದಲನೇ ಸುದ್ದಿ.

ಸುದ್ದಿ ಬರುತ್ತಿದ್ದದ್ದು ಡ್ಯಾಡಿಯ ಫೋನಿಗೆ. ವಾಟ್ಸಾಪ್ ಆಗಿನ್ನೂ ಹೊಸತು. ನಮ್ಮಲ್ಲಿ ಇಂಟರ್ನೆಟ್ ಕರೆಗಳು ಸಾಗುತ್ತಿರಲಿಲ್ಲ, ನೇರ ಫೋನು ಮಾಡಿದರೆ ಕಾರ್ಡು ಮಂಜಿನ ಹಾಗೆ ಕರಗುತ್ತಿತ್ತು. ಹಾಗಾಗಿ ಮಮ್ಮಿ ಫೋಟೋ ಕಳಿಸಿ, ಅದರ ಹಿಂದೆಯೇ ಮಾತನ್ನು ರೆಕಾರ್ಡು ಮಾಡಿ ಕಳಿಸುತ್ತಿದ್ದರು. ನಾವು ಶಾಲೆಯಿಂದ ಬಂದು, ಚಹಾಕ್ಕೆ ಬ್ರೆಡ್ಡು ಅದ್ದಿ ತಿಂದು, ಡ್ಯಾಡಿ ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದೆವು. ಅವರು ಶೂ ಬಿಚ್ಚುವ ಮೊದಲೇ ಫೋನು ನಮ್ಮ ಕೈಯಲ್ಲಿ.

ಮಮ್ಮಿಯ ಊರಿನ ಹೆಸರು ಉಲ್ಮ್. ಅಲ್ಲಿಯ ಇಗರ್ಜಿಯ ಗೋಪುರ ಎಷ್ಟು ಎತ್ತರವೆಂದರೆ ಫೋಟೋದಲ್ಲಿ ಯಲ್ಲಪ್ಪನೂ ಗೋಪುರವೂ ಒಟ್ಟಿಗೆ ಬರಲು ಮಮ್ಮಿ ಅವನನ್ನು ರಸ್ತೆಯ ಕಲ್ಲಿನ ಮೇಲೆ ಇಟ್ಟು ತಾವು ನೆಲಕ್ಕೆ ಕೂರಬೇಕಾಯಿತಂತೆ. "ದಾರಿಯಲ್ಲಿ ಹೋಗುವವರೆಲ್ಲ ನೋಡಿದರು ಬಾಯೆ," ಎಂದು ಮಮ್ಮಿಯ ದನಿ ಹೇಳಿತು. ಬಾಯೆ ಎಂದರೆ ನಮ್ಮಲ್ಲಿ ಮುದ್ದಿನ ಹುಡುಗಿ. "ಒಬ್ಬ ಮುದುಕ ನಿಂತು ಏನೋ ಕೇಳಿದ. ನಂಗೆ ಅರ್ಥ ಆದದ್ದು ಕಮೇಲ್ ಒಂದೇ. ಯಾ ಯಾ ಕಮೇಲ್, ದುಬೈ ಅಂದೆ. ಅವನು ಟೋಪಿ ತೆಗೆದು ಯಲ್ಲಪ್ಪನಿಗೆ ನಮಸ್ಕಾರ ಮಾಡಿ ಹೋದ."

ಮಮ್ಮಿ ಬಾಡಿಗೆಗಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ಹೆಲ್ಗಾ ಎಂಬ ಅಜ್ಜಿ ಒಬ್ಬರೇ ಇದ್ದರು. ಮರುಭೂಮಿಯ ಪ್ರಾಣಿಗೆ ಚಳಿಯಾದೀತೆಂದು ಆ ಅಜ್ಜಿ ಯಲ್ಲಪ್ಪನಿಗೆ ಹಸಿರು ಉಣ್ಣೆಯ ಸ್ವೆಟರು ಹೆಣೆದರು. ನಾಲ್ಕು ಕಾಲಿಗೂ ತೋಳು, ಡುಬ್ಬಕ್ಕೆ ಬೇರೆ ಟೋಪಿ. ಆ ಫೋಟೋ ನೋಡಿ ಮೈಮೂನಾ ಆಂಟಿ ಹೊಟ್ಟೆ ಹಿಡಿದುಕೊಂಡರು. "ಎಂತ ಅಲ್ಲಾ! ಒಂಟೆಗೆ ಸ್ವೆಟರಾ? ಇಲ್ಲಿ ನಾವು ಎಸಿ ನಿಂತರೆ ಸಾಯ್ತೇವೆ!"

ಮಮ್ಮಿಗೆ ರಜೆ ಸಿಕ್ಕಿದಾಗಲೆಲ್ಲ ಯಲ್ಲಪ್ಪ ನೆಂಟರ ಮನೆಗೆ ಹೊರಡುತ್ತಿದ್ದ. ನೆಂಟರೆಂದರೆ ದುಬೈ, ಅಬುಧಾಬಿಯಿಂದ ಹೋಗಿ ಬೇರೆ ಬೇರೆ ಊರು ಸೇರಿದ್ದ ನರ್ಸುಗಳು. ಕಲೋನಿನಲ್ಲಿ ಶಿರ್ವದ ಲವೀನಾ ಆಂಟಿ, ಬ್ರೆಮೆನ್‌ನಲ್ಲಿ ಕೋಟ್ಟಯಂನ ಬಿಂದು ಆಂಟಿ. ಮಮ್ಮಿಗೆ ಬಿಡುವಿಲ್ಲದಾಗ ಅವರೇ ಬಂದು ಅವನನ್ನು ಕರೆದೊಯ್ದು, ಕೆಲವು ವಾರ ಇಟ್ಟುಕೊಂಡು, ತಮ್ಮ ಊರು ತೋರಿಸಿ ವಾಪಸ್ ತಲುಪಿಸುತ್ತಿದ್ದರು. ಬ್ರೆಮೆನ್‌ನಲ್ಲಿ ಕತ್ತೆ, ನಾಯಿ, ಬೆಕ್ಕು, ಹುಂಜ ಒಂದರ ಮೇಲೊಂದು ನಿಂತ ಕಂಚಿನ ಪ್ರತಿಮೆಯಿದೆ. ಕತ್ತೆಯ ಮುಂಗಾಲು ಹಿಡಿದು ಬೇಡಿದರೆ ಆಸೆ ಈಡೇರುತ್ತದಂತೆ. ಬಿಂದು ಆಂಟಿ ಯಲ್ಲಪ್ಪನನ್ನು ಆ ಕಾಲಿಗೆ ಆತುಕೊಂಡಂತೆ ನಿಲ್ಲಿಸಿ ಫೋಟೋ ತೆಗೆದು, ತಮ್ಮ ಮಲಯಾಳ ಬೆರೆತ ಹಿಂದಿಯಲ್ಲಿ ಹೇಳಿ ಕಳಿಸಿದರು: "ಜೆನಿ ಮೋಳೇ, ಯಲ್ಲಪ್ಪನ ಪ್ರಾರ್ಥನೆ ಆಯಿತು. ಏನು ಕೇಳಿಕೊಂಡ ಅಂತ ನನಗೂ ಹೇಳಲಿಲ್ಲ." ನ್ಯೂರೆಂಬರ್ಗಿನಲ್ಲಿ ಕ್ರಿಸ್‌ಮಸ್ ಸಂತೆ. ದೀಪಗಳ ನಡುವೆ ಶುಂಠಿ ಬಿಸ್ಕತ್ತಿನ ಅಂಗಡಿಯ ಮೇಜಿನ ಮೇಲೆ, ಮೂಗಿಗೆ ಸಕ್ಕರೆ ಪುಡಿ ಮೆತ್ತಿಕೊಂಡು ನಿಂತ ಯಲ್ಲಪ್ಪ.

ಎಲ್ಲಕ್ಕಿಂತ ಹೆಚ್ಚು ಸಲ ನಾವು ಕೇಳಿದ್ದು ಕಲೋನಿನ ಕತೆಯನ್ನು. ಅಲ್ಲಿಯ ಮಹಾ ಇಗರ್ಜಿಯೊಳಗೆ ನೂರಾರು ಜನ ಉಸಿರು ಬಿಗಿಹಿಡಿದು ಕೂತಿದ್ದಾಗ, ಲವೀನಾ ಆಂಟಿ ಮೊಣಕಾಲೂರಲು ಹೋಗಿ ಚೀಲದ ಮೇಲೆ ಕೈಯೂರಿದರು. ಯಲ್ಲಪ್ಪ ಶುರು ಮಾಡಿದ. ಆ ಕಲ್ಲಿನ ಕಮಾನುಗಳಿಗೆಲ್ಲ ತಾಗಿ ಅವನ ದನಿ ಹತ್ತು ಒಂಟೆಗಳ ದನಿಯಾಯಿತಂತೆ. "ನಿಲ್ಲಿಸ್ಲಿಕ್ಕೆ ಬಟನೇ ಇಲ್ಲ ಅಲ್ವಾ ಬಾಯೆ! ಲವೀನಾ ಅವನನ್ನು ಕೋಟಿನ ಒಳಗೆ ಹಾಕಿ ಅಪ್ಪಿ ಹಿಡಿದಳು. ಆಗ ಅವಳ ಎದೆಯಿಂದಲೇ ಹಾಡು ಬರ್ತಾ ಉಂಟು! ಇಬ್ಬರೂ ಓಡಿದೆವು ಮಾರಾಯ್ತಿ, ಹೊರಗೆ ಮೆಟ್ಟಿಲ ಮೇಲೆ ಕೂತು ಕಣ್ಣೀರು ಬರುವಷ್ಟು ನಗಾಡಿದೆವು. ಬಾಗಿಲ ಹತ್ತಿರ ಇದ್ದ ಪಾದ್ರಿಯೂ ನಗಾಡ್ತಾ ಇದ್ದರು, ನಾನು ಕಣ್ಣಾರೆ ನೋಡಿದೆ."

ಇದನ್ನು ನಾವು ಎಷ್ಟು ಸಲ ಹಾಕಿಸಿ ಕೇಳಿದೆವೆಂದರೆ, ಮೈಮೂನಾ ಆಂಟಿ ಮೀನು ತೊಳೆಯುತ್ತಾ ಮಮ್ಮಿಯ ದನಿಯಲ್ಲೇ ಪೂರ್ತಿ ಹೇಳುವಷ್ಟಾದರು.

ಕೆಳಗಿನ ಟೈಪಿಂಗ್ ಸೆಂಟರಿನಲ್ಲಿ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಸಫ್ವಾನಾಳ ಬಟ್ಟೆಯ ಕಪಾಟಿನ ಬಾಗಿಲಿಗೆ ಅಂಟಿಸುತ್ತಿದ್ದೆವು. ಕ್ರಮೇಣ ಯಲ್ಲಪ್ಪನ ಸುದ್ದಿ ಕಟ್ಟಡದಲ್ಲೆಲ್ಲ ಹರಡಿತು. ಕೆಳಗಿನ ಬಖಾಲಾದ, ಅಂದರೆ ಸಣ್ಣ ದಿನಸಿ ಅಂಗಡಿಯ, ಕುಂಞಿಕ್ಕ ಮೊಸರು ಕೊಡುವ ಮೊದಲು "ಒಂಟೆ ಈಗ ಎಲ್ಲಿ?" ಎಂದು ಕೇಳುತ್ತಿದ್ದರು. ಪೇಶಾವರದ ವಾಚ್‌ಮನ್ ಚಾಚಾನಿಗೆ ಮಂಜಿನಲ್ಲಿ ನಿಂತ ಯಲ್ಲಪ್ಪನ ಫೋಟೋ ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಅವರ ಊರಿನ ಮೇಲಿನ ಗುಡ್ಡದಲ್ಲೂ ಹೀಗೆಯೇ ಬೀಳುತ್ತದೆ ಎಂದರು.

ಮಮ್ಮಿ ಇಲ್ಲದ ಮನೆಯನ್ನು ಡ್ಯಾಡಿ ತಮ್ಮ ರೀತಿಯಲ್ಲಿ ನಡೆಸಿದರು. ಅವರು ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ನನ್ನ ಯೂನಿಫಾರ್ಮಿನ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಜಡೆ ಹಾಕಲು ಮಾತ್ರ ಬರುತ್ತಿರಲಿಲ್ಲ. ಮೊದಲ ದಿನ ನನ್ನ ತಲೆ ನೋಡಿದ ಮೈಮೂನಾ ಆಂಟಿ, "ಎಂತ ಮಾರ್ರೆ ಇದು, ಜಡೆಯಾ, ದೋಣಿ ಕಟ್ಟುವ ಹಗ್ಗವಾ?" ಎಂದು ಕೇಳಿ, ಮರುದಿನದಿಂದ ಸಫ್ವಾನಾಳ ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಾಚತೊಡಗಿದರು. ಬಿಗಿಯಾಗಿ ಎಳೆಯುತ್ತಿದ್ದರು. ಕಣ್ಣಂಚು ಚುರ್ರೆನ್ನುತ್ತಿತ್ತು. ಅವರ ಕೈಯ ತೆಂಗಿನೆಣ್ಣೆ, ಬೆಳ್ಳುಳ್ಳಿಯ ವಾಸನೆ ಶಾಲೆಯ ಮೊದಲ ಪಿರಿಯಡ್ಡಿನವರೆಗೂ ನನ್ನ ಜೊತೆಗೇ ಬರುತ್ತಿತ್ತು.

ಜನವರಿಯ ಕೊನೆಗೆ ಒಂದು ಫೋಟೋ ಬಂತು. ಕೆಂಪು ಹೆಂಚಿನ ಒಂದು ಕಟ್ಟಡ, ಅದರ ಗೇಟಿನ ಕಂಬದ ಮೇಲೆ ಹಸಿರು ಸ್ವೆಟರಿನ ಯಲ್ಲಪ್ಪ. ಹಿಂದೆ ಅಂಗಳದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು. "ಯಲ್ಲಪ್ಪ ಇವತ್ತು ಶಾಲೆ ನೋಡ್ಲಿಕ್ಕೆ ಹೋದ," ಎಂದಿತು ಮಮ್ಮಿಯ ದನಿ. "ತುಂಬಾ ಚಂದ ಉಂಟು ಬಾಯೆ. ಹಿಂದೆ ದೊಡ್ಡ ಮರಗಳು. ಮಕ್ಕಳು ಮಂಜಿನಲ್ಲಿ ಆಡ್ತಾರೆ. ಯಲ್ಲಪ್ಪನಿಗೆ ಇಷ್ಟ ಆಯಿತು. ನಿಂಗೆ ಹೇಗೆ ಅನ್ನಿಸ್ತದೆ?"

ನಾನು ಚಂದ ಉಂಟು ಎಂದೆ. ಸಫ್ವಾನಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಅದನ್ನು ಮತ್ತೊಮ್ಮೆ ಕೇಳಿದಳು.

"ನೀನು ಅಲ್ಲಿಗೆ ಹೋಗ್ತೀಯಾ?"

"ನಾನ್ಯಾಕೆ ಹೋಗುದು? ಯಲ್ಲಪ್ಪ ನೋಡಿದ್ದು."

"ಯಲ್ಲಪ್ಪ ಶಾಲೆಗೆ ಹೋಗ್ತಾನಾ? ನಿಂಗೆ ತಲೆ ಇಲ್ವಾ ಜೆನಿ?" ಅವಳ ಮೂಗು ಕೆಂಪಾಗಿತ್ತು. "ಅದು ನಿನ್ನ ಶಾಲೆ. ನೀವೆಲ್ಲ ಹೋಗ್ತೀರಿ. ಎಲ್ಲರಿಗೂ ಗೊತ್ತುಂಟು. ನಂಗೆ ಮಾತ್ರ ಯಾರೂ ಹೇಳಲಿಲ್ಲ."

ಅವಳಿಗೆ ಮಾತ್ರವಲ್ಲ, ನನಗೂ ಯಾರೂ ಹೇಳಿರಲಿಲ್ಲ. ಹಾಗೆಂದು ಹೇಳುವ ಮೊದಲೇ ಅವಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಆ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನ ಜಡೆ ಹಾಕಿಸಿಕೊಳ್ಳಲು ಹೋದಾಗ ಕಪಾಟಿನ ಬಾಗಿಲಿನಲ್ಲಿ ಫೋಟೋಗಳಿರಲಿಲ್ಲ, ಟೇಪಿನ ಗುರುತುಗಳಷ್ಟೇ ಇದ್ದವು. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು.

ಸಂಜೆ ಡ್ಯಾಡಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಕೇಳಿದೆ. ಅವರು ಒಂದು ಅಂಗಿಯನ್ನು ಕೊಡವಿ, ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿದರು.

"ಪರೀಕ್ಷೆ ಪಾಸಾಗಲಿ, ಆಮೇಲೆ ಹೇಳುವಾ ಅಂತ ಇದ್ದೆವು. ಮೊದಲೇ ಹೇಳಿ ನಿನ್ನ ಮನಸ್ಸು ಯಾಕೆ ಕೆಡಿಸುದು ಅಂತ."

"ಇಲ್ಲೇ ಇರುವಾ ಡ್ಯಾಡಿ. ಮಮ್ಮಿ ಇಲ್ಲಿಗೆ ಬರ್ಲಿ."

"ಇಲ್ಲಿ ಇರ್ಲಿಕ್ಕೆ ನಂಗೂ ಆಸೆಯೇ. ಆದ್ರೆ ಇದು ನಮ್ಮ ಊರಲ್ಲ ಪುತಾ. ಎಷ್ಟು ವರ್ಷ ಇದ್ದರೂ ವೀಸಾ ಮುಗಿದ ದಿನ ಹೊರಡ್ಬೇಕು. ಒಂದು ದಿನ ಅವರು ಹೇಳಿ ಹೊರಡುವುದಕ್ಕಿಂತ ನಾವೇ ಹೊರಡುವುದು ಒಳ್ಳೇದು ಅಂತ ನಿನ್ನ ಮಮ್ಮಿ ಹೇಳಿದಳು."

ಇದು ನಮ್ಮ ಊರಲ್ಲ ಎಂಬ ಮಾತನ್ನು ನಾನು ಒಪ್ಪಲಿಲ್ಲ. ನನಗೆ ಬೇರೆ ಯಾವ ಊರಿತ್ತು? ಊರು ಎಂದು ಅವರು ಹೇಳುವ ಊರಿಗೆ ನಾನು ರಜೆಗೆ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಬರುವವಳು. ಡ್ಯಾಡಿಯ ಫೋನು ತೆಗೆದುಕೊಂಡು ಬಾತ್‌ರೂಮಿನ ಚಿಲಕ ಹಾಕಿಕೊಂಡೆ. ಬಟನ್ನು ಒತ್ತಿ ಹಿಡಿದು ಹೇಳಿದೆ: "ಯಲ್ಲಪ್ಪನನ್ನು ವಾಪಸ್ ಕಳಿಸಿ. ಅವನು ನಿಮ್ಮವನಲ್ಲ, ನಂದು ಮತ್ತು ಸಫ್ವಾನಾಳದ್ದು. ನಂಗೆ ಯಾವ ಶಾಲೆಯೂ ಬೇಡ, ಯಾವ ಫೋಟೋವೂ ಬೇಡ. ಅವನನ್ನು ಮನೆಗೆ ಕಳಿಸಿ."

ಆಮೇಲೆ ಜರ್ಮನಿಯಿಂದ ಏನೂ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಡ್ಯಾಡಿ ಬಂದು ಇಲ್ಲವೆಂದು ತಲೆಯಾಡಿಸಿದರು. ಕುಂಞಿಕ್ಕ "ಒಂಟೆ ಎಲ್ಲಿ?" ಎಂದು ಕೇಳಿದಾಗ ನಾನು ಮೊಸರಿನ ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ.

ಶುಕ್ರವಾರ ಮಧ್ಯಾಹ್ನ, ಡ್ಯಾಡಿ ಮಲಗಿದ್ದಾಗ, ಮೇಜಿನ ಮೇಲಿನ ಫೋನು ಟಿಣ್ ಎಂದಿತು. ಫೋಟೋ ತೆರೆದೆ. ಯಲ್ಲಪ್ಪನಿದ್ದ. ಆದರೆ ಗೋಪುರವಿಲ್ಲ, ಸೇತುವೆಯಿಲ್ಲ, ದೀಪಗಳಿಲ್ಲ. ಒಂದು ಸಣ್ಣ ಕೋಣೆ, ಒಂದು ಮಂಚ, ಮಂಚದ ಮೇಲೆ ಯಲ್ಲಪ್ಪನನ್ನು ಮಡಿಲಲ್ಲಿಟ್ಟುಕೊಂಡು ಮಮ್ಮಿ. ಅಷ್ಟು ತಿಂಗಳಲ್ಲಿ ಮಮ್ಮಿಯ ಮುಖ ಬಂದ ಮೊದಲ ಫೋಟೋ ಅದು. ಅಲ್ಲಿಯವರೆಗೆ ಅವರು ಯಾವ ಫೋಟೋದಲ್ಲೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದೂ ಆಗಲೇ. ಸೊಂಟದವರೆಗೆ ಇದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದರು. ಕೆನ್ನೆ ಒಳಗೆ ಹೋಗಿತ್ತು. ನಗಲು ನೋಡಿದ್ದರು, ಆಗಿರಲಿಲ್ಲ.

ಫೋನನ್ನು ಹಿಡಿದು ನಾನು ಎದುರು ಮನೆಗೆ ಓಡಿದೆ. ಸಿಟ್ಟು, ಮಾತು ಬಿಟ್ಟದ್ದು ಯಾವುದೂ ನೆನಪಿರಲಿಲ್ಲ. ಸಫ್ವಾನಾ ಬಾಗಿಲು ತೆರೆದು ನನ್ನ ಮುಖ ನೋಡಿ, ಫೋಟೋ ನೋಡಿ, ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಅವಳ ಮಂಚದ ಮೇಲೆ ಕೂತು ಇಬ್ಬರೂ ಮಮ್ಮಿಯ ದನಿ ಕೇಳಿದೆವು. ಮೈಮೂನಾ ಆಂಟಿ ಬಾಗಿಲಲ್ಲಿ ನಿಂತಿದ್ದರು.

"ಬಾಯೆ, ನಿನ್ನ ಮಾತು ಕೇಳಿದೆ. ಯಲ್ಲಪ್ಪನನ್ನು ಕಳಿಸಬೇಕು ಅಂತ ನಿನ್ನೆ ಪೆಟ್ಟಿಗೆಯೂ ತಂದೆ. ಅವನನ್ನು ಒಳಗೆ ಇಟ್ಟೆ. ಮುಚ್ಚಲಿಕ್ಕೆ ಆಗಲಿಲ್ಲ. ನಿಂಗೆ ಒಂದು ವಿಷಯ ಹೇಳ್ತೇನೆ. ಇಲ್ಲಿಗೆ ಬಂದ ಮೊದಲಿಗೆ ಡ್ಯೂಟಿ ಮುಗಿದರೆ ನಾನು ಈ ಕೋಣೆಗೆ ಬಂದು ಬಾಗಿಲು ಹಾಕ್ತಿದ್ದೆ. ಅಂಗಡಿಗೂ ಹೋಗ್ತಿರಲಿಲ್ಲ. ಮಾತಾಡಿದರೆ ತಪ್ಪಾಗ್ತದೆ, ಜನ ನಗಾಡ್ತಾರೆ ಅಂತ ಹೆದರಿಕೆ. ಆಗ ಒಂದು ದಿನ ನೀನು ಕೇಳಿದೆ, ಯಲ್ಲಪ್ಪ ಎಲ್ಲಿಗೆ ಹೋದ, ಎಂತ ನೋಡಿದ ಅಂತ. ಅವನು ಎಲ್ಲಿಗೂ ಹೋಗಿರಲಿಲ್ಲ. ನಿಂಗೆ ಎಂತ ಹೇಳುದು ಅಂತ ಅವನನ್ನು ಚೀಲದಲ್ಲಿ ಹಾಕಿ ಹೊರಗೆ ಹೋದೆ. ಅವನಿಂದಾಗಿ ಆ ಮುದುಕ ಮಾತಾಡಿದ. ಅವನಿಂದಾಗಿ ಹೆಲ್ಗಾ ಅಜ್ಜಿ ಬಾಗಿಲು ತಟ್ಟಿದಳು. ಅವನಿಗೆ ತೋರಿಸ್ಬೇಕು ಅಂತ ನಾನು ಊರು ನೋಡಿದ್ದು. ಒಬ್ಬಳಿಗಾದರೆ ನಂಗೆ ಧೈರ್ಯ ಇರಲಿಲ್ಲ. ಶಾಲೆಯ ವಿಷಯ ನಾನೇ ಸರಿಯಾಗಿ ಹೇಳ್ಬೇಕಿತ್ತು, ಅವನ ಬಾಯಲ್ಲಿ ಹೇಳಿಸಿದೆ. ಈಗ ನೀನು ಹೇಳು. ಕಳಿಸು ಅಂದ್ರೆ ನಾಳೆ ಕಳಿಸ್ತೇನೆ, ಸತ್ಯ."

ಮುಗಿಯುವ ಹೊತ್ತಿಗೆ ನಾನು ಅಳುತ್ತಿದ್ದೆ. ಸಫ್ವಾನಾ ಫೋನನ್ನು ತೆಗೆದುಕೊಂಡು, ಕಣ್ಣೊರೆಸಿಕೊಂಡು, ಬಟನ್ನು ಒತ್ತಿದಳು. ಶಾಲೆಯಲ್ಲಿ ಮಾನಿಟರ್ ಮಾತಾಡುವ ದನಿಯಲ್ಲಿ ಹೇಳಿದಳು: "ಯಲ್ಲಪ್ಪಾ, ನಾನು ಸಫ್ವಾನಾ. ನೀನು ಎಲ್ಲಿಗೂ ಬರುದು ಬೇಡ. ಅಲ್ಲೇ ಇರು. ಆಂಟಿಯನ್ನು ದಿನಾ ವಾಕಿಂಗ್ ಕರ್ಕೊಂಡು ಹೋಗು. ಸರಿಯಾಗಿ ಊಟ ಮಾಡ್ಲಿಕ್ಕೆ ಹೇಳು. ಪರೀಕ್ಷೆಗೆ ಓದ್ಲಿಕ್ಕೆ ಹೇಳು. ಕೇಳಿತಾ? ಯಲ್ಲಾ!"

ಮೈಮೂನಾ ಆಂಟಿ ಒಳಗೆ ಬಂದು ನಮ್ಮಿಬ್ಬರ ತಲೆಯನ್ನೂ ಒಟ್ಟಿಗೆ ತಮ್ಮ ಹೊಟ್ಟೆಗೆ ಒತ್ತಿಕೊಂಡರು.

ಆ ಸಂಜೆ ಫೋಟೋಗಳು ಕಪಾಟಿನ ಬಾಗಿಲಿಗೆ ಮರಳಿದವು. ಅವಳು ಹರಿದಿರಲಿಲ್ಲ, ಹಾಸಿಗೆಯ ಕೆಳಗೆ ಇಟ್ಟಿದ್ದಳು. ಮಮ್ಮಿಯ ಫೋಟೋವನ್ನು ಅಂಟಿಸುವುದು ಬೇಡ ಎಂದು ಇಬ್ಬರಿಗೂ ಅನ್ನಿಸಿತು. ಅದು ಬೇರೆಯವರಿಗೆ ತೋರಿಸುವಂಥದ್ದಾಗಿರಲಿಲ್ಲ.

ಮೇ ತಿಂಗಳಲ್ಲಿ ಮಮ್ಮಿ ಪಾಸಾದರು. ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ ನಾವು ಹೊರಟೆವು. ಮನೆಯ ಸಾಮಾನೆಲ್ಲ ಒಂದೊಂದಾಗಿ ಕಾರಿಡಾರು ದಾಟಿ ಬೇರೆ ಬೇರೆ ಮನೆ ಸೇರಿತು. ಇಡ್ಲಿ ಪಾತ್ರೆ ಮೈಮೂನಾ ಆಂಟಿಗೆ, ಟಿವಿ ಸ್ಟ್ಯಾಂಡು ಸಿಂಧಿಯವರಿಗೆ, ಡ್ಯಾಡಿಯ ಕಂಬಳಿ ವಾಚ್‌ಮನ್ ಚಾಚಾನಿಗೆ. ಕೊನೆಯ ಬೆಳಿಗ್ಗೆ ಆಂಟಿ ನನಗೆ ಎಂದಿಗಿಂತ ಬಿಗಿಯಾಗಿ ಜಡೆ ಹಾಕಿದರು. "ಜರ್ಮನಿ ಮುಟ್ಟುವವರೆಗೆ ಬಿಚ್ಚಬಾರದು," ಎಂದರು. ಸಫ್ವಾನಾ ಲಿಫ್ಟಿನವರೆಗೆ ಬಂದಳು. ಬಾಗಿಲು ಮುಚ್ಚುವಾಗ ಅವಳು ಬಟನ್ನು ಒತ್ತಿ ಬಾಗಿಲನ್ನು ಮತ್ತೆ ತೆರೆದಳು. ಮತ್ತೆ ಮುಚ್ಚಿತು, ಮತ್ತೆ ತೆರೆದಳು. ಆಮೇಲೆ ಡ್ಯಾಡಿ ಮೆಲ್ಲಗೆ, "ಸಾಕು ಮಗಾ, ಟ್ಯಾಕ್ಸಿ ಕಾಯ್ತಾ ಉಂಟು," ಎಂದರು.

ನಾನು ಆ ಕೆಂಪು ಹೆಂಚಿನ ಶಾಲೆಯಲ್ಲೇ ಓದಿದೆ. ಚೆನ್ನಾಗಿಯೇ ಇತ್ತು. ಹೆಲ್ಗಾ ಅಜ್ಜಿ ವೃದ್ಧರ ಮನೆಗೆ ಸೇರಿದಾಗ ಯಲ್ಲಪ್ಪನನ್ನು ಅವರ ಜೊತೆಗೆ ಕಳಿಸಿಕೊಟ್ಟೆವು. ಅವರು ತೀರಿಹೋದ ಮೇಲೆ ಅವನು ಏನಾದನೋ ತಿಳಿಯಲಿಲ್ಲ.

ಕಳೆದ ಚಳಿಗಾಲದಲ್ಲಿ ಅಬುಧಾಬಿಗೆ ಹೋಗಿದ್ದೆ. ಸಫ್ವಾನಾ ಈಗ ಅಲ್ಲಿ ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಕಟ್ಟಡದಲ್ಲಿದ್ದಾಳೆ, ಆಫೀಸೂ ಪಕ್ಕದಲ್ಲೇ. ಅವಳ ಅಪ್ಪ ನಿವೃತ್ತರಾದ ಮೇಲೆ ಅವರೂ ಮೈಮೂನಾ ಆಂಟಿಯೂ ಊರಿಗೆ ಮರಳಿದ್ದಾರೆ. ಅವಳ ಕಾರಿಡಾರಿನಲ್ಲಿ ಕಾರ್ಪೆಟ್ಟಿದೆ, ಯಾವ ವಾಸನೆಯೂ ಇಲ್ಲ. ಪಕ್ಕದ ಮನೆಯವರು ಯಾರು ಎಂದು ಕೇಳಿದೆ. "ಗೊತ್ತಿಲ್ಲ ಮಾರಾಯ್ತಿ. ಒಂದು ನಾಯಿ ಉಂಟು, ಅದರ ಗುರುತು ಉಂಟು," ಎಂದಳು. ಇಬ್ಬರೂ ಮಾತಾಡಲು ಕೂತರೆ ಎರಡು ವಾಕ್ಯಕ್ಕೆ ಕನ್ನಡ ಮುಗಿದು ಇಂಗ್ಲಿಷಿಗೆ ಹೋಗುತ್ತಿದ್ದೆವು. ಮತ್ತೆ ಎಳೆದು ತರುತ್ತಿದ್ದೆವು. ಊದ್ ಮೇಥಾಕ್ಕೂ ಹೋಗಿ ಬಂದೆವು. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ಬಖಾಲಾ ಇದ್ದಲ್ಲಿ ಫೋನಿನ ಅಂಗಡಿ. ಮೇಲೆ ಹೋಗಲು ಹೊಸ ವಾಚ್‌ಮನ್ ಬಿಡಲಿಲ್ಲ. ಯಾರನ್ನು ನೋಡಬೇಕು ಎಂದು ಕೇಳಿದ, ನಮಗೆ ಹೇಳಲು ಹೆಸರಿರಲಿಲ್ಲ.

ಆ ವರ್ಷದ ಫೋಟೋಗಳು ಸಫ್ವಾನಾಳ ಹತ್ತಿರ ಇವೆ. ಮಮ್ಮಿಯ ದನಿ ಮಾತ್ರ ಉಳಿಯಲಿಲ್ಲ. ಡ್ಯಾಡಿಯ ಆ ಫೋನು ಕೆಟ್ಟು, ಅದರೊಳಗಿದ್ದದ್ದೆಲ್ಲ ಅದರೊಂದಿಗೇ ಹೋಯಿತು. ಹೋದದ್ದು ದೊಡ್ಡದೆಂದು ಆಗ ನನಗೆ ಅನ್ನಿಸಿರಲಿಲ್ಲ. ಮಮ್ಮಿಯೇ ಜೊತೆಗಿದ್ದಾರಲ್ಲ, ದನಿ ಯಾಕೆ ಎಂದುಕೊಂಡಿದ್ದೆ.

ನಾವು ಈಗಲೂ ಉಲ್ಮ್‌ನಲ್ಲೇ ಒಂದೇ ಮನೆಯಲ್ಲಿದ್ದೇವೆ. ಮಮ್ಮಿ ಸಂಜೆ ಡ್ಯೂಟಿ ಮುಗಿಸಿ ಬಂದು, ಕೋಟು ತೂಗುಹಾಕಿ, ಶೂ ಬಿಚ್ಚುತ್ತಾರೆ. ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕೂರುತ್ತಾರೆ. ನಾನು ಚಹಾ ತಂದುಕೊಟ್ಟು ಕೇಳುತ್ತೇನೆ, "ಇವತ್ತು ಎಂತ ಆಯ್ತು ಮಮ್ಮಿ?"

"ಎಂತ ಇಲ್ಲ ಬಾಯೆ. ಯಾವಾಗಿನ ಹಾಗೇ," ಎನ್ನುತ್ತಾರೆ.

ದಾರಿಯಲ್ಲಿ ಕಂಡ ಒಬ್ಬ ಮುದುಕನ ಟೋಪಿಯನ್ನೂ ಬಿಡದೆ ನನಗೆ ಹೇಳುತ್ತಿದ್ದವರು ಅವರೇ.